ಬಂದೂಕಿನ ಕಿವಿಗೆ ಒಂದು ಚಿಟಿಕೆ ರಂಜಕ

ಬಳ್ಳಾರಿ ಕೋಟೆಯ ಮಾತು ಬಂದರೆ ಕುಂಬಾರ ಗುಡ್ಡದ ಕಥೆ ಬಾರದೆ ಇರದು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಪಾಳೆಯಗಾರರಿಂದ ಈ ಊರನ್ನು ವಶಪಡಿಸಿಕೊಂಡ ಹೈದರ್ ಅಲಿ ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಶತ್ರು ಅಲ್ಲಿಗೆ ಫಿರಂಗಿ ಏರಿಸಿದರೆ ಕೋಟೆ ಉಳಿಯದು. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದನೆಂದು ಜನ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಅದರ ಚಿಂತೆಯೆಲ್ಲ ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದರ ಬಗ್ಗೆ. ಕೊತ್ತಲದ ಮೇಲೆ ಬಂದೂಕು ಹಿಡಿದು ನಿಂತ ಸಿಪಾಯಿಗೆ ಮಾತ್ರ ಅದಕ್ಕೂ ಮೊದಲಿನದೊಂದು ಚಿಂತೆ ಇರುತ್ತಿತ್ತು. ಗುಂಡು ಹಾರುತ್ತದೆಯೇ?

ಅದನ್ನು ತೀರ್ಮಾನಿಸುತ್ತಿದ್ದುದು ಒಂದು ಚಿಟಿಕೆ ಮದ್ದು. ಅದರ ಹೆಸರು ರಂಜಕ. ಉತ್ತರ ಕರ್ನಾಟಕದವರಿಗೆ ಈ ಪದ ಹೊಸದಲ್ಲ. ಹಣ್ಣು ಮೆಣಸಿನಕಾಯಿ ರುಬ್ಬಿ ಮಾಡಿ, ರೊಟ್ಟಿಯ ಅಂಚಿಗೆ ಹಚ್ಚಿಕೊಳ್ಳುವ ಚಟ್ನಿಗೂ ರಂಜಕ ಎಂದೇ ಹೆಸರು. ರಂಜಕವೆಂದರೆ ಬಣ್ಣ ಕೊಡುವುದು, ಚಟ್ನಿಯ ಕೆಂಪಿನಿಂದ ಆ ಹೆಸರು ಬಂತು ಎಂದು ಸಂಸ್ಕೃತ ಬಲ್ಲವರು ಹೇಳಬಹುದು. ಒಮ್ಮೆ ತಿಂದವರು ಬಂದೂಕಿನ ಕಡೆಗೇ ವಾಲುತ್ತಾರೆ.

ಹಳೆಯ ಬಂದೂಕಿನ ನಳಿಗೆಯ ಬುಡದಲ್ಲಿ, ಪಕ್ಕಕ್ಕೆ, ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಅದೇ ಬಂದೂಕಿನ ಕಿವಿ. ಕಿವಿಯ ಹೊರಬದಿಗೆ ಪುಟ್ಟ ಬಟ್ಟಲು. ಈ ಬಟ್ಟಲಿಗೆ ಹಾಕುವ ಮದ್ದೇ ರಂಜಕ. ಅದಕ್ಕೆ ಕಿಡಿ ತಾಗಿದರೆ ಭಗ್ಗೆಂದು ಉರಿ ಎದ್ದು, ಕಿವಿಯ ಮೂಲಕ ಒಳಗೆ ನುಗ್ಗಿ, ನಳಿಗೆಯ ಮದ್ದನ್ನು ಹೊತ್ತಿಸುತ್ತದೆ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆ ನಿಂತು ಹೋರಾಡಿದ ಪೋರ್ಚುಗೀಸರ ಕಾಲದ ಬಂದೂಕುಗಳಲ್ಲಿ ಈ ಕಿಡಿ ಬರುತ್ತಿದ್ದುದು ಉರಿಯುವ ಬತ್ತಿಯಿಂದ. ಹೈದರ್, ಟಿಪ್ಪು ಹಾಗೂ ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ ಚಕಮಕಿ ಬಂದೂಕು ಬಂದಿತ್ತು. ಕುದುರೆ ಎಳೆದರೆ ಅದರ ಬಾಯಲ್ಲಿ ಕಚ್ಚಿಸಿದ್ದ ಚಕಮಕಿ ಕಲ್ಲು ಉಕ್ಕಿನ ಮುಚ್ಚಳವನ್ನು ಉಜ್ಜಿ ಹಿಂದಕ್ಕೆ ತಳ್ಳುತ್ತದೆ. ಬಟ್ಟಲು ತೆರೆಯುವುದೂ ಅದರೊಳಕ್ಕೆ ಕಿಡಿ ಬೀಳುವುದೂ ಒಂದೇ ಕ್ಷಣದಲ್ಲಿ ನಡೆಯುತ್ತವೆ.

ಬತ್ತಿಯಾದರೆ ನಿಂತು ಉರಿಯುವ ಕೆಂಡ. ಚಕಮಕಿಯ ಕಿಡಿಗೆ ಒಂದು ಗಳಿಗೆಯ ಆಯುಷ್ಯವೂ ಇಲ್ಲ. ಹಾಗಾಗಿ ಬತ್ತಿ ಬಂದೂಕು ಸಹಿಸಿಕೊಳ್ಳುತ್ತಿದ್ದ ಮಂದ ಮದ್ದನ್ನು ಚಕಮಕಿ ಬಂದೂಕು ಸಹಿಸುತ್ತಿರಲಿಲ್ಲ. ರಂಜಕದ ಆಯ್ಕೆ ಒಂದು ವಿದ್ಯೆಯಾದದ್ದು ಇಲ್ಲಿಂದ.

ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ನಳಿಗೆಗೆ ಹಾಕುವ ಮದ್ದು ಬನ್ಸಿ ರವೆಯಂತೆ ದಪ್ಪ ಕಾಳಿನದು, ರಂಜಕ ಚಿರೋಟಿ ರವೆಯಂತೆ ಸಣ್ಣದು. ಕಾಳು ಸಣ್ಣದಾದಷ್ಟೂ ಬೇಗ ಹೊತ್ತಿಕೊಳ್ಳುತ್ತದೆ. ಹಾಗೆಂದು ಹಿಟ್ಟಿನಷ್ಟು ನುಣ್ಣಗಾದರೂ ತೊಂದರೆಯೇ. ಗಾಳಿಯ ತೇವ ಹೀರಿ ಬಟ್ಟಲಲ್ಲೇ ಅಂಟಾಗುತ್ತದೆ. ಹಾಕುವ ಅಳತೆಯಲ್ಲೂ ಜಾಣತನ ಬೇಕಿತ್ತು. ಹೆಚ್ಚು ಹಾಕಿದರೆ ಒಳ್ಳೆಯದೆಂದು ಬಟ್ಟಲನ್ನು ತುಂಬಿ, ಕಿವಿಯೊಳಗೂ ತುರುಕಿದರೆ, ಉರಿ ಒಳಕ್ಕೆ ಹಾರುವುದಿಲ್ಲ. ಅಲ್ಲಿ ತುಂಬಿದ ಮದ್ದು ಪಟಾಕಿಯ ಬತ್ತಿಯಂತೆ ಉರಿದು ಮುಗಿಯುವವರೆಗೂ ಕಾಯಬೇಕು. ಅಷ್ಟರಲ್ಲಿ ಗುರಿ ತಪ್ಪಿರುತ್ತದೆ. ಕಿವಿ ಖಾಲಿಯಿರಬೇಕು, ರಂಜಕ ಅದರ ಬಾಗಿಲ ಬಳಿ ಮಾತ್ರ ಇರಬೇಕು. ಸಿಪಾಯಿಗಳು ಕಿವಿಯ ಮಸಿ ತೆಗೆಯುವ ತಂತಿಯನ್ನೂ ಬಟ್ಟಲು ಒರೆಸುವ ಪುಟ್ಟ ಕುಂಚವನ್ನೂ ಜತೆಗೇ ಇಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಬೇಟೆಗಾರರೂ ಶ್ರೀಮಂತರೂ ರಂಜಕಕ್ಕೆ ಬೇರೆಯೇ ಪುಟ್ಟ ಕೊಂಬು ಇಟ್ಟುಕೊಳ್ಳುತ್ತಿದ್ದರು. ಮೊಗಲರ ಕಾಲದಲ್ಲಿ ದಂತದಲ್ಲಿ ಜಿಂಕೆ, ಆನೆ, ಹಕ್ಕಿಗಳನ್ನು ಕೆತ್ತಿ, ಮೂತಿಗೆ ಸ್ಪ್ರಿಂಗಿನ ಮುಚ್ಚಳ ಕೂರಿಸಿ ಮಾಡಿದ ಇಂಥ ಕೊಂಬುಗಳನ್ನು ಲಂಡನ್, ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ಕಾಣಬಹುದು. ಒತ್ತಿದರೆ ಬೇಕಾದಷ್ಟೇ ಪುಡಿ ಉದುರುತ್ತದೆ, ಬಿಟ್ಟರೆ ತೇವ ಒಳಹೋಗದಂತೆ ಮುಚ್ಚಿಕೊಳ್ಳುತ್ತದೆ. ಕಂಪನಿಯ ಸಾಮಾನ್ಯ ಸಿಪಾಯಿಗೆ ಈ ಭಾಗ್ಯವಿರಲಿಲ್ಲ. ಗುಂಡು, ಮದ್ದು ಎರಡೂ ಇದ್ದ ಕಾಗದದ ತೋಟಾವನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಅದರಲ್ಲೇ ಒಂದು ಚಿಟಿಕೆಯನ್ನು ಬಟ್ಟಲಿಗೆ ಸುರಿದು, ಉಳಿದದ್ದನ್ನು ನಳಿಗೆಗೆ ಹಾಕಿ ಜಡಿಯುತ್ತಿದ್ದ. ಎರಡಕ್ಕೂ ಒಂದೇ ಮದ್ದು. ವೇಗಕ್ಕಾಗಿ ಮಾಡಿಕೊಂಡ ರಾಜಿ ಇದು. ನುರಿತವನು ನಿಮಿಷಕ್ಕೆ ಮೂರು ಗುಂಡು ಹಾರಿಸಬಲ್ಲವನಾಗಿದ್ದ. ಇದೇ ತೋಟಾ ಕಚ್ಚುವ ಅಭ್ಯಾಸ 1857ರಲ್ಲಿ ಹೊಸ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾಗಳ ಕಾಲಕ್ಕೆ ಎಂಥ ಬೆಂಕಿ ಹಚ್ಚಿತೆಂಬುದು ಎಲ್ಲರಿಗೂ ಗೊತ್ತು.

ಈ ರಾಜಿಯ ಬೆಲೆಯೂ ದಾಖಲಾಗಿದೆ. 1834ರಲ್ಲಿ ಇಂಗ್ಲೆಂಡಿನ ವುಲ್ವಿಚ್‌ನಲ್ಲಿ ಚಕಮಕಿ ಬಂದೂಕಿನಿಂದಲೂ ಆಗ ಹೊಸದಾಗಿದ್ದ ಕೇಪಿನ ಬಂದೂಕಿನಿಂದಲೂ ತಲಾ 6,000 ಗುಂಡು ಹಾರಿಸಿ ನೋಡಲಾಯಿತು. ಕೇಪಿನದು 36 ಬಾರಿ ಕೈಕೊಟ್ಟರೆ, ಚಕಮಕಿಯದು ಕೈಕೊಟ್ಟದ್ದು 922 ಬಾರಿ. ಅಂದರೆ ಆರೇಳು ಸಲಕ್ಕೆ ಒಮ್ಮೆ ಠುಸ್. ಪರೀಕ್ಷೆಯ ಮೈದಾನದಲ್ಲೇ ಹೀಗಾದರೆ ಮಳೆಯಲ್ಲಿ ಏನು ಗತಿ? 1757ರ ಜೂನ್ 23ರಂದು ಪ್ಲಾಸಿಯಲ್ಲಿ ಮಳೆ ಸುರಿದಾಗ ಇಂಗ್ಲಿಷರು ಮದ್ದಿಗೆ ಟಾರ್ಪಾಲು ಹೊದಿಸಿದರು. ನವಾಬನ ಕಡೆಯವರ ಮದ್ದು ನೆನೆದುಹೋಯಿತು. ಮುಂದಿನದು ಶಾಲೆಯ ಮಕ್ಕಳಿಗೂ ತಿಳಿದ ಇತಿಹಾಸ.

ತೇವ ಬರುವುದು ಆಕಾಶದಿಂದ ಮಾತ್ರವಲ್ಲ, ಮದ್ದಿನ ಒಳಗಿನಿಂದಲೂ ಬರುತ್ತದೆ. ರಂಜಕದ ಗುಟ್ಟು ಬಳ್ಳಾರಿ ಸೀಮೆಯ ಮಣ್ಣಿಗೆ ಬಂದು ಸೇರುವುದು ಇಲ್ಲಿ. ಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಇದ್ದಿಲಿಗೆ ಹಗುರ ಕಟ್ಟಿಗೆ ಬೇಕು. ತೊಗರಿ ಕಟ್ಟಿಗೆಯ ಇದ್ದಿಲು ಇದಕ್ಕೆ ಹೆಸರಾಗಿತ್ತು. ಗಂಧಕ ಹೊರಗಿನಿಂದ ಬರಬೇಕು. ಪೆಟ್ಲುಪ್ಪು ಮಾತ್ರ ಊರ ಸುತ್ತಲೇ ಹುಟ್ಟುತ್ತದೆ. ದನಕರುಗಳ ಗಂಜಳ, ಸಗಣಿ, ಬೂದಿ ಬಿದ್ದು ವರ್ಷಗಟ್ಟಲೆ ಕೊಳೆತ ಹಳೆಯ ಊರಿನ ಮಣ್ಣಿನಲ್ಲಿ, ಬೇಸಗೆ ಬಂದಾಗ ಬಿಳಿಯ ಹುಡಿಯಾಗಿ ಮೇಲೇಳುತ್ತದೆ.

ತೊಡಕೇನೆಂದರೆ ಅದು ಒಂಟಿಯಾಗಿ ಏಳುವುದಿಲ್ಲ. ಅಡುಗೆ ಉಪ್ಪು, ಸುಣ್ಣದಂಶದ ಲವಣಗಳು ಜತೆಗೇ ಬರುತ್ತವೆ. ಶುದ್ಧ ಪೆಟ್ಲುಪ್ಪು ಗಾಳಿಯ ತೇವವನ್ನು ಅಷ್ಟಾಗಿ ಹೀರುವುದಿಲ್ಲ. ಈ ಬೆರಕೆಗಳು ಹೀರುತ್ತವೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಪ್ಪ ಕಾಳಿನ ನಳಿಗೆ ಮದ್ದಿನಲ್ಲಿ ಇಂಥ ದೋಷ ಮುಚ್ಚಿಹೋದೀತು, ಸಣ್ಣ ಕಾಳಿನ ರಂಜಕದಲ್ಲಿ ಮುಚ್ಚಿಹೋಗದು.

ಬೇರ್ಪಡಿಸುವ ಉಪಾಯ ಬಿಸಿನೀರಿನಲ್ಲಿದೆ. ನೂರು ಗ್ರಾಂ ಕುದಿಯುವ ನೀರು 240 ಗ್ರಾಂಗೂ ಹೆಚ್ಚು ಪೆಟ್ಲುಪ್ಪನ್ನು ಕರಗಿಸಿಕೊಳ್ಳಬಲ್ಲದು. ಹಿಮದಷ್ಟು ತಣ್ಣಗಾದರೆ ಅದರಲ್ಲಿ ನಿಲ್ಲುವುದು ಸುಮಾರು 13 ಗ್ರಾಂ ಮಾತ್ರ. ಅಡುಗೆ ಉಪ್ಪು ಮಾತ್ರ ಬಿಸಿಯಲ್ಲೂ ತಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕರಗಿರುತ್ತದೆ. ಆದ್ದರಿಂದ ಕುದಿಸಿ ಆರಲು ಬಿಟ್ಟರೆ ಪೆಟ್ಲುಪ್ಪು ಸೂಜಿ ಸೂಜಿಯಾಗಿ ತಳಕ್ಕಿಳಿಯುತ್ತದೆ, ಉಪ್ಪು ನೀರಿನಲ್ಲೇ ಉಳಿಯುತ್ತದೆ. ಮರದ ಬೂದಿ ಬೆರೆಸುವುದು ಸುಣ್ಣದಂಶ ಕಳೆಯಲು. ಯಾವ ರಸಾಯನ ಪುಸ್ತಕವೂ ಇಲ್ಲದ ಕಾಲದಲ್ಲಿ ನಾಲಿಗೆಯ ರುಚಿಯಿಂದ, ಕೆಂಡದ ಮೇಲೆ ಚಿಟಿಕೆ ಹಾಕಿ ನೋಡುವುದರಿಂದ ನಡೆಯುತ್ತಿದ್ದ ಕೆಲಸ ಇದು.

ಬಳ್ಳಾರಿ ಜಿಲ್ಲೆಯಲ್ಲಿ ಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬು. ನೆತ್ತಿಯಲ್ಲಿ ಗುಳಿ ಮಾಡಿದ ಮಣ್ಣಿನ ದಿಬ್ಬದ ಮೇಲೆ ಕೆರೆದು ತಂದ ಉಪ್ಪುಮಣ್ಣು ಹರಡಿ, ನೀರು ಹೊಯ್ದು, ಸೋಸಿ ಬಂದ ನೀರನ್ನು ಬಿಸಿಲಿಗೆ ಒಣಗಿಸುತ್ತಿದ್ದರು. ಪೆಟ್ಲುಪ್ಪು ತೆಗೆಯುವ ವಿಧಾನ ಇದರ ಒಡಹುಟ್ಟೇ ಸರಿ. ಬಿಸಿಲು, ಒಣಹವೆ ಎರಡಕ್ಕೂ ಅನುಕೂಲ. ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆಯ ಸೀಮೆಯಲ್ಲಿ ಇವೆರಡಕ್ಕೆ ಬರವಿಲ್ಲ.

ಆದರೂ ಮೂರು ಊರುಗಳ ಹವೆ ಒಂದೇ ಅಲ್ಲ. ಬಳ್ಳಾರಿಯ ಬಂಡೆಯ ಮೇಲೂ ಕುರುಗೋಡಿನ ಗುಡ್ಡದ ಕೋಟೆಯ ಮೇಲೂ ಕಾದ ಕಲ್ಲು, ಒಣಗಾಳಿ. ಸಿರುಗುಪ್ಪ ಹಾಗಲ್ಲ. ತುಂಗಭದ್ರೆಯ ದಡ, ವಿಜಯನಗರ ಕಾಲದಿಂದ ಕಾಲುವೆ ನೀರು, ಭತ್ತದ ಗದ್ದೆ. ಮಳೆ ಜೋರಾಗುವ ಸೆಪ್ಟೆಂಬರಿನಲ್ಲಿ ಗದ್ದೆ ಬದುವಿನ ಮೇಲೆ ರಾತ್ರಿ ಕಳೆದ ಬಂದೂಕಿನ ರಂಜಕವನ್ನು ಬೆಳಗ್ಗೆ ಚೆಲ್ಲಿ, ಬಟ್ಟಲು ಒರೆಸಿ, ಹೊಸದು ಹಾಕದಿದ್ದರೆ ಗುಂಡಿನ ಭರವಸೆ ಇಡುವಂತಿಲ್ಲ. ಕುರುಗೋಡಿನ ಬೇಸಗೆಯಲ್ಲಿ ಅದೇ ರಂಜಕ ಎರಡು ದಿನ ಬಾಳೀತು.

ಈ ಕೋಟೆಗಳ ಒಡೆಯರು ಬೇಗ ಬೇಗ ಬದಲಾದರು. 1792ರ ಒಪ್ಪಂದದಂತೆ ಬಳ್ಳಾರಿ ಟಿಪ್ಪುವಿನಿಂದ ನಿಜಾಮನ ಕೈಗೆ ಹೋಯಿತು, 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದು ಪಾಳೆಯಗಾರರ ಬಲ ಮುರಿದ. ಬಳ್ಳಾರಿಯ ಕೆಳಕೋಟೆ ಕಂಪನಿಯ ಶಸ್ತ್ರಾಗಾರವಾಯಿತು. 1840ರ ದಶಕದಲ್ಲಿ ಕೇಪು ಬಂತು. ಪಾದರಸದ ಸ್ಫೋಟಕ ತುಂಬಿದ ತಾಮ್ರದ ಪುಟ್ಟ ಟೋಪಿ ಅದು. ಮಳೆಗೆ ಅಷ್ಟಾಗಿ ಹೆದರುವುದಿಲ್ಲ. ಸೈನ್ಯದಲ್ಲಿ ರಂಜಕದ ಕೆಲಸ ಅಲ್ಲಿಗೆ ಮುಗಿಯಿತು.

ಉಪ್ಪಾರರ ದಿಬ್ಬಗಳಿಗೆ ಪೆಟ್ಟು ಬಿದ್ದದ್ದು ಮಾತ್ರ ಬಂದೂಕಿನಿಂದಲ್ಲ, ತೆರಿಗೆಯಿಂದ. ಸರ್ಕಾರದ ಉಪ್ಪಿನ ಆದಾಯಕ್ಕೆ ಮಣ್ಣುಪ್ಪು ಅಡ್ಡಿಯೆಂದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನು ಅಡಗಿಸಲಾಯಿತು. ಪೆಟ್ಲುಪ್ಪು ಸೋಸಿದರೆ ಅಡುಗೆ ಉಪ್ಪೂ ಸಿಗುತ್ತದಲ್ಲ, ಹಾಗಾಗಿ 1889ರ ಮದ್ರಾಸ್ ಉಪ್ಪಿನ ಕಾಯ್ದೆ ಅದಕ್ಕೂ ಲೈಸೆನ್ಸ್ ಬೇಕೆಂದಿತು. ರಂಜಕವನ್ನು ಕೆಡಿಸುತ್ತಿದ್ದ ಬೆರಕೆಯೇ ಕಸುಬನ್ನೂ ಕಾಯ್ದೆಯ ಬಲೆಗೆ ಕೆಡವಿತು. ಉಪ್ಪಾರರ ಪಾಲಿಗೆ ಕೆರೆ, ಬಾವಿ, ಮಣ್ಣಿನ ಕೆಲಸ ಉಳಿಯಿತು. ಸಿರುಗುಪ್ಪದ ನೀರಾವರಿ ಹೊಲಗಳಲ್ಲಿ ಈಗ ಬಿಳಿಯ ಪೊರೆ ಏಳುವುದುಂಟು. ಅದರಲ್ಲಿ ಪೆಟ್ಲುಪ್ಪಿಗಿಂತ ಸೋಡಾ ಲವಣಗಳೇ ಹೆಚ್ಚು. ರೈತರು ಅದನ್ನು ಸವಳು ಎನ್ನುತ್ತಾರೆ, ನೀರು ನಿಲ್ಲಿಸಿ ತೊಳೆದು ಬಸಿಗಾಲುವೆಗೆ ಬಿಡುತ್ತಾರೆ.