ವಚನಗ್ರಂಥ ಸಂಗ್ರಾಹಕರಾದ ಡಾ. ಫ. ಗು. ಹಳಕಟ್ಟಿಯವರು

ಪ್ರಾಚೀನ ಗ್ರಂಥಗಳನ್ನು ಸಂಗ್ರಹಿಸುವವರಲ್ಲಿ ಎರಡು ತೆರನಾದವರುಂಟು. ಕೆಲವರು ದೊರೆತುದನ್ನು ಪೆಟ್ಟಿಗೆಯಲ್ಲಿಟ್ಟು ತಮ್ಮದೆಂದು ಹಿಗ್ಗುವರು. ಕೆಲವರು ದೊರೆತುದನ್ನು ಲೋಕಕ್ಕೆ ಮುಟ್ಟಿಸುವವರೆಗೆ ವಿಶ್ರಮಿಸರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಈ ಎರಡನೆಯ ವರ್ಗಕ್ಕೆ ಸೇರಿದ ಮಹನೀಯರು.

ಇವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ಹಳಕಟ್ಟಿಯವರು ಮುಂಬಯಿಯಲ್ಲಿ ಉಚ್ಚ ವ್ಯಾಸಂಗವನ್ನು ಮುಗಿಸಿ, 1904ರಲ್ಲಿ ಕಾಯದೆಯ ಪದವಿಯನ್ನು ಪಡೆದು, ಕೆಲಕಾಲ ಬೆಳಗಾವಿಯಲ್ಲಿಯೂ ಅನಂತರ ವಿಜಾಪುರದಲ್ಲಿಯೂ ವಕೀಲಿಯನ್ನು ನಡೆಯಿಸಿದರು.

ಆ ಕಾಲದಲ್ಲಿ ಶರಣರ ವಚನಗಳು ಬಹುಮಟ್ಟಿಗೆ ತಾಡವೋಲೆಗಳಲ್ಲಿಯೇ ಅಡಗಿದ್ದವು. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಓಲೆಯ ಕಟ್ಟುಗಳನ್ನು ದೇವರ ಜಗುಲಿಯ ಮೇಲಿಟ್ಟು ವಿಭೂತಿ ಪತ್ರೆಗಳಿಂದ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರು ವಿರಳರಾಗಿದ್ದರು. ಪೂಜೆಗೊಂಡ ಓಲೆಯನ್ನಾದರೂ ಹುಳುವು ಬಿಡಲಿಲ್ಲ. ರಬಕವಿ-ಬನಹಟ್ಟಿಯ ಗೃಹಸ್ಥರೊಬ್ಬರ ಮನೆಯಲ್ಲಿ ಇಂತಹ ಕಟ್ಟುಗಳನ್ನು ಕಂಡಂದಿನಿಂದ ಹಳಕಟ್ಟಿಯವರ ಮನಸ್ಸು ಅವುಗಳಲ್ಲಿ ನೆಟ್ಟಿತು. ಅವರು ಊರೂರು ತಿರುಗಿ, ಕೊಡಲೊಲ್ಲದವರನ್ನು ಒಡಂಬಡಿಸಿ, ಕಟ್ಟುಗಳನ್ನು ಕೂಡಿಸಿದರು. ಪದ ಪದಗಳ ನಡುವೆ ತೆರಪಿಲ್ಲದ ಬರಹವನ್ನು ಬಿಡಿಸಿ, ಪ್ರತಿಯೊಡನೆ ಪ್ರತಿಯನ್ನು ಹೋಲಿಸಿ, ಶುದ್ಧಪಾಠವನ್ನು ಅರಸಿದರು. ಇದರ ಪ್ರಥಮ ಫಲವಾಗಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು ಬೆಳಕು ಕಂಡಿತು.

ಸಂಗ್ರಹವು ಬೆಳೆದಂತೆ ಮುದ್ರಣದ ಚಿಂತೆಯೂ ಬೆಳೆಯಿತು. ಪರರ ಅಚ್ಚುಕೂಟಗಳನ್ನು ಕಾಯುತ್ತ ಕುಳಿತರೆ ಕಾರ್ಯವು ಸಾಗದೆಂದು ಬಗೆದು, ಅವರು ಸ್ವಂತ ಮನೆಯನ್ನು ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. ಮುಂದೆ ಬಾಡಿಗೆಯ ಮನೆಯೇ ಅವರಿಗೆ ಆಶ್ರಯವಾಯಿತು. 1926ರಲ್ಲಿ ಆರಂಭವಾದ 'ಶಿವಾನುಭವ' ಪತ್ರಿಕೆಯು ಮೂವತ್ತು ವರ್ಷಗಳಿಗೂ ಮಿಕ್ಕು ನಡೆದು, ಓಲೆಗಳಲ್ಲಿದ್ದುದನ್ನು ಮನೆಮನೆಗೆ ಹಂಚಿತು. ಶೂನ್ಯಸಂಪಾದನೆಯೂ ಹರಿಹರನ ರಗಳೆಗಳೂ ಅವರ ಪರಿಶ್ರಮದಿಂದ ಅಚ್ಚಾದವು. ಮೊದಲು ಸುಮಾರು 50 ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದಲ್ಲಿ, ಇವರ ಶೋಧನದಿಂದ 200ಕ್ಕೂ ಮಿಕ್ಕ ಶರಣ ಶರಣೆಯರು ಬೆಳಕಿಗೆ ಬಂದರು.

ನಾಡು ಅವರನ್ನು ಮರೆಯಲಿಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ಅರ್ಪಿಸಿತು. ಜನರು 'ವಚನಪಿತಾಮಹ'ರೆಂದು ಕರೆದರು. ಆದರೆ ಧನವೆಂಬುದು ಅವರಲ್ಲಿ ನಿಲ್ಲಲಿಲ್ಲ. ವಕೀಲಿಯಿಂದ ಬಂದುದು ಅಚ್ಚಿನ ಮೊಳೆಗೂ ಕಾಗದಕ್ಕೂ ಸಂದುಹೋಯಿತು. 1964ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹೆಸರಿನ ಸಂಶೋಧನ ಕೇಂದ್ರವು ವಿಜಯಪುರದಲ್ಲಿದೆ.

ಅನ್ನದಾಸೋಹವನ್ನು ನಾವೆಲ್ಲರೂ ಬಲ್ಲೆವು. ಮನೆಯನ್ನು ಮಾರಿ ಮಾಡಿದ ಈ ಅಕ್ಷರದಾಸೋಹವು ಅದಕ್ಕಿಂತ ಕಿರಿದೆಂದು ಯಾರು ಹೇಳಬಲ್ಲರು? ಬಿಚ್ಚದ ಓಲೆಕಟ್ಟು ಇಂದಿಗೂ ಯಾವ ಭಕ್ತರ ಜಗುಲಿಯ ಮೇಲಿರುವದೋ, ಅವರು ಅದನ್ನು ಬಲ್ಲವರ ಕೈಗಿತ್ತು ಓದಿಸಲಿ. ಗ್ರಂಥಕ್ಕೆ ಸಲ್ಲಿಸತಕ್ಕ ಮೊದಲ ಪೂಜೆಯು ಅದನ್ನು ತೆರೆಯುವದೇ ಆಗಿರುವದು.