ಯಾವುದರ ಕಾಲು?

ಭಿನ್ನರಾಶಿ ಎಂದೊಡನೆ ವೃತ್ತ ಬರೆದು, ನಾಲ್ಕು ಹೋಳು ಮಾಡಿ, ಮೂರಕ್ಕೆ ಬಣ್ಣ ಬಳಿಸುವುದು ಈಗಿನ ಶಿಕ್ಷಕರ ತರಬೇತಿಗಳ ವಾಡಿಕೆ. ಬಣ್ಣ ಬಳಿದಾಯಿತು, ಕಲಿಕೆಯೂ ಆಯಿತು ಎಂಬ ನಂಬಿಕೆ. ಈ ನಂಬಿಕೆಗೆ ಅರ್ಧ ಶತಮಾನದಷ್ಟು ಹಳೆಯ ಆಕ್ಷೇಪವೊಂದಿದೆ, ಕಿವಿಗೊಟ್ಟವರು ಕಡಿಮೆ.

ಅದಕ್ಕೂ ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ನೃಪತುಂಗನ ಕಾಲದ ಮಹಾವೀರಾಚಾರ್ಯ ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗೆಂದೇ ‘ಕಲಾಸವರ್ಣ’ ಪ್ರಕರಣ ಬರೆದ. ಒಂದನ್ನು 1/2, 1/3, 1/9, 1/18 ಎಂದು ಒಡೆಯುವಂಥ ಸೂತ್ರ ಕೊಟ್ಟ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದಲ್ಲಿ ಲೆಕ್ಕವನ್ನು ಕನ್ನಡಕ್ಕೆ ತಂದ. ಆಮೇಲೆ ಕೂಲಿಮಠದ ಕಾಲು, ಅರೆ, ಮುಕ್ಕಾಲು ಮಗ್ಗಿಗಳು. ಇವುಗಳ ಗುಣಗಾನ ಈಗ ಜೋರಾಗಿದೆ. ಹೊಗಳುವವರು ಜೊತೆಗೆ ಬೀಳುತ್ತಿದ್ದ ಪೆಟ್ಟುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಆಣೆ ಹೋಯಿತು, ಹಿಂದೆಯೇ ಸೇರು, ಪಾವು, ಚಟಾಕು. ಹೊಸ ಲೆಕ್ಕ ಸುಲಭವೇ, ಒಪ್ಪುತ್ತೇನೆ. ಆದರೆ ನಾಲ್ಕು ಪಾವಿಗೆ ಒಂದು ಸೇರೆಂದು ಅಕ್ಕಿ ಅಳೆಯುತ್ತಲೇ ತಿಳಿಯುತ್ತಿದ್ದ ಮಗುವಿಗೆ ಕಾಲು ಎನ್ನುವುದು ಕೈಗೆ ಸಿಗುವ ಅಳತೆಯಾಗಿತ್ತು.

ಮೊದಲಿಗೆ ಹೇಳಿದ ಆಕ್ಷೇಪ ಬಂದದ್ದು ಇದಾದ ಮೇಲೆ. 1970ರ ದಶಕದಲ್ಲಿ ಕೆನಡಾದ ಗಣಿತ ಶಿಕ್ಷಣ ಸಂಶೋಧಕ ಥಾಮಸ್ ಕೀರನ್, ಭಿನ್ನರಾಶಿಗೆ ಹೋಳಿನ ಅರ್ಥವೊಂದೇ ಅಲ್ಲ, ಅಳತೆ, ಭಾಗಲಬ್ಧ, ಅನುಪಾತ ಎಂದು ಹಲವು ಅರ್ಥಗಳಿವೆ ಎಂದರು. ನೆದರ್ಲೆಂಡ್ಸ್‌ನ ಲೀನ್ ಸ್ಟ್ರೀಫ್‌ಲ್ಯಾಂಡ್ ಹಂಚಿಕೆಯಿಂದಲೇ ಪಾಠ ಕಟ್ಟಿದರು. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಹಂಚಿಕೆಯನ್ನೂ ಅಳತೆಯನ್ನೂ ಜೋಡಿಸುವ ಕೆಲಸ ನಡೆಯಿತು. ನಾನು ಈ ಪಂಥದವನು, ಪಕ್ಷಪಾತ ಮುಚ್ಚಿಡುವುದಿಲ್ಲ. ನನ್ನ ತರಗತಿಯಲ್ಲೊಮ್ಮೆ ಮೂರು ರೊಟ್ಟಿ, ನಾಲ್ಕು ಮಕ್ಕಳು. ಒಬ್ಬಳು ಎರಡು ರೊಟ್ಟಿ ಮುರಿದು ಎಲ್ಲರಿಗೂ ಅರ್ಧರ್ಧ ಕೊಟ್ಟಳು, ಮೂರನೆಯದನ್ನು ನಾಲ್ಕು ಮಾಡಿದಳು. ಎಷ್ಟು ಸಿಕ್ಕಿತು ಎಂದೆ. “ಮುಕ್ಕಾಲು ಸಾರ್.” ಮೂರು ಕಾಲುಗಳು ಸೇರಿ ಮುಕ್ಕಾಲು, ಅಂಶ, ಛೇದ ಎರಡೂ ಆ ಪದದೊಳಗೇ ಇವೆ. ವೃತ್ತದಲ್ಲಿ ಪಳಗಿದ ಇನ್ನೊಬ್ಬ ಹುಡುಗ 5/4 ನೋಡಿ, “ನಾಲ್ಕು ಹೋಳಲ್ಲಿ ಐದು ಎಲ್ಲಿಂದ ತರೋದು?” ಎಂದ. ಒಂದೂಕಾಲು ಅವನಿಗೆ ಗೊತ್ತಿತ್ತು. ಎರಡೂ ಒಂದೇ ಎಂದು ಯಾರೂ ಹೇಳಿರಲಿಲ್ಲ.

ಮನೆಮಾತಿಗೂ ಮಿತಿಯಿದೆ. ಅರ್ಧ, ಕಾಲು, ಅರೆಕಾಲು, ವೀಸ: ಇವೆಲ್ಲ ಎರಡೆರಡಾಗಿ ಸೀಳುತ್ತ ಹೋದ ಪಾಲುಗಳು. ಮೂರರಲ್ಲೊಂದಕ್ಕೆ, ಐದರಲ್ಲೊಂದಕ್ಕೆ ಇಂಥ ಒಂಟಿ ಪದ ನಿತ್ಯದ ಮಾತಿನಲ್ಲಿಲ್ಲ. ಶಾಲೆ ನಿಜವಾಗಿ ಬೇಕಾಗುವುದು ಅಲ್ಲಿ. ಇತ್ತ ಪಹಣಿಯಲ್ಲಿ ಆಣೆ ಇನ್ನೂ ಬದುಕಿದೆ. ರೂಪಾಯಿಯ ಹದಿನಾರನೇ ಒಂದಾಗಿದ್ದದ್ದು ಅಲ್ಲಿ ಗುಂಟೆಯ ಹದಿನಾರನೇ ಒಂದು. ಅಣ್ಣತಮ್ಮಂದಿರು ಹಿಸ್ಸೆಗೆ ಕೂತಾಗ ಮೊದಲು ಏಳುವ ಪ್ರಶ್ನೆ ಯಾವುದರಲ್ಲಿ ಕಾಲು ಎಂಬುದೇ. ನಾನು ನೋಡಿದ ತರಬೇತಿ ಕೈಪಿಡಿಗಳಲ್ಲಿ ವೃತ್ತಗಳಿಗೆ ಪುಟಗಟ್ಟಲೆ ಜಾಗವಿದೆ. ಆ ಪ್ರಶ್ನೆಗೆ ಒಂದು ಸಾಲೂ ಇಲ್ಲ.