ಲೆಕ್ಕಕ್ಕೆ ಸೇರದ ಊಟ

ನನ್ನ ತಂದೆಯವರು ಬರೆದಿಡುತ್ತಿದ್ದ ದಿನವಹಿ ಲೆಕ್ಕದ ಪುಸ್ತಕಗಳು ಕೆಲವು ನನ್ನ ಬಳಿ ಉಳಿದಿವೆ. ಕುಂಬಳೆ ಸೀಮೆಯ ಒಂದು ಸಾಧಾರಣ ಅಡಿಕೆ ತೋಟದ ಮನೆಯ ಲೆಕ್ಕ ಅದು. ದನಗಳಿಗೆ ಹಿಂಡಿ, ಕೊಳೆರೋಗಕ್ಕೆ ಮೈಲುತುತ್ತು, ದೇವರ ದೀಪಕ್ಕೆ ಎಣ್ಣೆ, ಆಳುಗಳಿಗೆ ವೀಳ್ಯ ಎಂದು ಕಾಸುಕಾಸಿಗೂ ಅಲ್ಲಿ ಬಾಬ್ತು ಇದೆ. ಆದರೆ ಬೆಕ್ಕು ಮತ್ತು ನಾಯಿಯ ಬಾಬ್ತಿನಲ್ಲಿ ಒಂದು ಪೈಸೆಯೂ ಖರ್ಚು ಬಿದ್ದಿಲ್ಲ. ಮನೆಯಲ್ಲಿ ಅವು ಇರಲಿಲ್ಲವೆಂದಲ್ಲ. ನಾಯಿ ಅಂಗಳದಲ್ಲಿತ್ತು, ಬೆಕ್ಕುಗಳಂತೂ ಎರಡು ಮೂರು ಸದಾ ಇದ್ದುವು. ನಾವು ಮನೆಯಲ್ಲಿ ಪುಚ್ಚೆ ಎನ್ನುತ್ತೇವೆ, ತುಳುವರೂ ಪುಚ್ಚೆ ಎನ್ನುತ್ತಾರೆ, ನೆರೆಯ ಮಲಯಾಳಿ ಬಂಧುಗಳಿಗೆ ಅದು ಪೂಚ್ಚ. ಹೇಗೆ ಕರೆದರೂ ಓಗೊಟ್ಟು ಬರುತ್ತಿತ್ತು. ಅಮ್ಮ ಒಂದು ಗೆರಟೆಯಲ್ಲಿ ಹಾಲನ್ನ ಕಲಸಿ ಇಡುತ್ತಿದ್ದರು. ಅಷ್ಟೇ ಅದರ ಊಟ ಎಂದು ನಾವೆಲ್ಲ ತಿಳಿದಿದ್ದೆವು.

ಆ ತಿಳಿವಳಿಕೆ ತಪ್ಪೆಂದು ಗೊತ್ತಾದುದು ಸುಮಾರು ಹತ್ತು ವರ್ಷಗಳ ಹಿಂದೆ. ಮಂಗಳೂರಿನಲ್ಲಿರುವ ನನ್ನ ತಂಗಿ ನಮ್ಮ ಮನೆಯಿಂದಲೇ ಒಂದು ಮರಿಯನ್ನು ಒಯ್ದು ನಾಲ್ಕನೆಯ ಮಾಳಿಗೆಯ ಫ್ಲಾಟಿನಲ್ಲಿ ಸಾಕಿದ್ದಳು. ಹಾಲನ್ನ, ಮೊಸರನ್ನ, ಕೆಲವೊಮ್ಮೆ ದೋಸೆ. ಕೊರತೆ ಮಾಡಿದವಳಲ್ಲ. ಮೂರನೆಯ ವರ್ಷದಲ್ಲಿ ಬೆಕ್ಕು ಹಗಲು ಹೊತ್ತಿನಲ್ಲೇ ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆಯತೊಡಗಿತು. ಬಿಸಿಲಿನಲ್ಲೂ ಅದರ ಕಣ್ಣಿನ ಪಾಪೆ ಕಿರಿದಾಗುತ್ತಿರಲಿಲ್ಲ. ಪಶುವೈದ್ಯರು ಪರೀಕ್ಷಿಸಿ, ಕಣ್ಣಿನ ಒಳಪರದೆ ಸವೆದಿದೆ, ಹೃದಯವೂ ಸೋತಿದೆ ಎಂದರು. ಬಳಿಕ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ತಿನ್ನಲಿಕ್ಕೆ ಏನು ಹಾಕುತ್ತೀರಿ?"

ಅಂದು ರಾತ್ರಿ ತಂಗಿ ಫೋನಿನಲ್ಲಿ ಅತ್ತಳು. "ಅಣ್ಣಾ, ನಮ್ಮ ಮನೆಯ ಪುಚ್ಚೆಗಳೆಲ್ಲ ಅಜ್ಜಿಯ ಕಾಲದಿಂದ ಹಾಲನ್ನ ತಿಂದೇ ಬದುಕಿದವಲ್ಲ? ನಾನು ಮಾಡಿದ ತಪ್ಪೇನು?" ನನ್ನಲ್ಲಿ ಉತ್ತರವಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಅಲ್ಲಿ ಇಲ್ಲಿ ಓದಿ ಕಂಡುಕೊಂಡದ್ದನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ಮನುಷ್ಯನೂ ಬೆಕ್ಕೂ ಜೊತೆಯಾದದ್ದಕ್ಕೆ ದೊರೆತ ಹಳೆಯ ಕುರುಹುಗಳಲ್ಲಿ ಒಂದು ಸೈಪ್ರಸ್ ದ್ವೀಪದ್ದು. ಅಲ್ಲಿನ ಶಿಲ್ಲೂರೊಕಾಂಬೋಸ್ ಎಂಬ ನೆಲೆಯಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಒಂದು ಸಮಾಧಿಯ ಪಕ್ಕದಲ್ಲಿ ಬೆಕ್ಕಿನ ಇಡೀ ಅಸ್ಥಿಪಂಜರ ಸಿಕ್ಕಿದೆ. ಫ್ರೆಂಚ್ ಸಂಶೋಧಕರು ಅದನ್ನು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಕಾಡುಬೆಕ್ಕು ಹುಟ್ಟಿನಿಂದ ಇರಲಿಲ್ಲವಾದುದರಿಂದ ಯಾರೋ ದೋಣಿಯಲ್ಲಿ ತಂದದ್ದೇ ಇರಬೇಕು. ಮನುಷ್ಯ ಧಾನ್ಯ ಬೆಳೆದು ಕೂಡಿಟ್ಟ. ಧಾನ್ಯಕ್ಕೆ ಇಲಿ ಬಂತು. ಇಲಿಗೆ ಬೆಕ್ಕು ಬಂತು. ಬೆಕ್ಕನ್ನು ಮನೆಯ ಹತ್ತಿರ ತಂದದ್ದು ನಮ್ಮ ಅನ್ನವಲ್ಲ, ಅನ್ನವನ್ನು ತಿನ್ನಲು ಬಂದ ಇಲಿ. ಅದು ತಿಂದದ್ದು ಹಸಿ ಮಾಂಸವನ್ನು, ಅದನ್ನೂ ಎಲುಬು, ಗುಂಡಿಗೆ, ಕರುಳು ಸಹಿತವಾಗಿ. ಸಾವಿರಾರು ವರ್ಷ ಈ ಊಟಕ್ಕೆ ಯಾರೂ ಲೆಕ್ಕ ಇಡಲಿಲ್ಲ.

ಸಾಕುಪ್ರಾಣಿಯ ಊಟಕ್ಕೆ ಲೆಕ್ಕ ಬಂದದ್ದು ಪಟ್ಟಣಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನ ಲಂಡನ್ನಿನಲ್ಲಿ ಬೇಯಿಸಿದ ಕುದುರೆ ಮಾಂಸವನ್ನು ಕಡ್ಡಿಗೆ ಚುಚ್ಚಿ, ಮನೆಮನೆಯ ಬೆಕ್ಕು ನಾಯಿಗಳಿಗೆಂದು ಮಾರಿಕೊಂಡು ಹೋಗುವವರಿದ್ದರು. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬಡ ದುಡಿಮೆಗಾರರ ಕುರಿತು ಬರೆದ ಗ್ರಂಥದಲ್ಲಿ ಅವರಿಗೂ ಒಂದು ಜಾಗ ಕೊಟ್ಟಿದ್ದಾನೆ. 1860ರ ದಶಕದಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿ ಅದೇ ನಗರದಲ್ಲಿ ನಾಯಿಗಳಿಗೆ ಬಿಸ್ಕತ್ತು ಮಾಡಿ ಮಾರಿದ. ಬಂದರಿನ ನಾಯಿಗಳು ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಅಗಿಯುವುದನ್ನು ಕಂಡು ಅವನಿಗೆ ಆ ಯೋಚನೆ ಹೊಳೆಯಿತೆಂದು ಕತೆ. ಗೋಧಿ ಹಿಟ್ಟು, ತರಕಾರಿ, ಬೀಟ್‌ರೂಟ್, ಒಣ ಮಾಂಸ ಇವು ಅದರ ಸಾಮಗ್ರಿ. ಇಂದು ನಮ್ಮ ಪೇಟೆಯ ಅಂಗಡಿಯಲ್ಲೂ ತೂಗುವ ಪೊಟ್ಟಣಗಳ ಮೂಲಪುರುಷ ಅವನೇ.

ಹಸಿಯೋ ಬೇಯಿಸಿದ್ದೋ ಎಂಬ ವಾದ ವಿಜ್ಞಾನದ ಮನೆಗೆ ಕಾಲಿಟ್ಟದ್ದು 1932ರಲ್ಲಿ. ಆ ಒಂದೇ ವರ್ಷ ಅಮೆರಿಕದಲ್ಲಿ ಎರಡು ಸಂಗತಿಗಳು ನಡೆದುವು. ಎರಡೂ ತದ್ವಿರುದ್ಧ ದಿಕ್ಕಿಗೆ ಬೆರಳು ತೋರಿದುವು.

ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸಿಸ್ ಪಾಟೆಂಜರ್ ಎಂಬ ವೈದ್ಯರು ಔಷಧದ ಪ್ರಯೋಗಕ್ಕಾಗಿ ಬೆಕ್ಕುಗಳನ್ನು ಸಾಕಿದ್ದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬೇಯಿಸಿದ ಮಾಂಸವೂ ಹಾಲೂ ಅವುಗಳ ಆಹಾರ. ಬೆಕ್ಕುಗಳ ಸಂಖ್ಯೆ ಹೆಚ್ಚಿದಾಗ ಅದು ಸಾಲದೆ, ಕೆಲವಕ್ಕೆ ಹಸಿ ಮಾಂಸದ ತುಣುಕುಗಳನ್ನು ತರಿಸಿ ಹಾಕಿದರು. ಹಸಿ ತಿಂದುವು ಗಟ್ಟಿಮುಟ್ಟಾದುವು. ಬೇಯಿಸಿದ್ದನ್ನು ತಿಂದುವು ಕೃಶವಾದುವು. ಕುತೂಹಲಗೊಂಡ ಪಾಟೆಂಜರ್ ಹತ್ತು ವರ್ಷ ಸುಮಾರು 900 ಬೆಕ್ಕುಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಬೇಯಿಸಿದ ಮಾಂಸದ ಬಳಗದಲ್ಲಿ ಮೂರನೆಯ ತಲೆಮಾರಿಗೆ ಬರುವಾಗ ಸಂತಾನವೇ ನಿಂತುಹೋಯಿತು. ಶಾಖಕ್ಕೆ ನಾಶವಾಗುವ ಯಾವುದೋ ಒಂದು ಅಂಶ ಹಸಿ ಮಾಂಸದಲ್ಲಿದೆ ಎಂದು ಅವರು ಊಹಿಸಿದರು. ಏನೆಂದು ಹೇಳಲು ಅಂದು ದಾರಿಯಿರಲಿಲ್ಲ.

ಅದೇ 1932ರಲ್ಲಿ ಮಿನ್ನೆಸೋಟಾ ರಾಜ್ಯದಲ್ಲಿ, ಚಾಸ್ಟೆಕ್ ಎಂಬವನು ತುಪ್ಪಳಕ್ಕಾಗಿ ಸಾಕಿದ್ದ ನರಿಗಳು ಕೈಕಾಲು ಸೋತು ಸಾಯತೊಡಗಿದುವು. ಅವುಗಳಿಗೆ ಹಾಕುತ್ತಿದ್ದುದು ಕಾರ್ಪ್ ಜಾತಿಯ ಹಸಿ ಮೀನು. ಆ ಮೀನಿನಲ್ಲಿ ಬಿ1 ಜೀವಸತ್ವವನ್ನು ಮುರಿಯುವ ಒಂದು ಕಿಣ್ವವಿದೆಯೆಂದು ಬಳಿಕ ತಿಳಿಯಿತು. ಮೀನನ್ನು ಬೇಯಿಸಿದರೆ ಕಿಣ್ವ ಸಾಯುತ್ತದೆ, ಪ್ರಾಣಿ ಉಳಿಯುತ್ತದೆ. ಇಂತಹ ಮೀನನ್ನೇ ದಿನವೂ ಹಸಿಯಾಗಿ ತಿಂದರೆ ಬೆಕ್ಕಿಗೂ ಇದೇ ಗತಿ. ಒಂದು ಕಡೆ ಬೆಂಕಿ ಏನನ್ನೋ ಕಳೆಯಿತು, ಇನ್ನೊಂದು ಕಡೆ ಅದೇ ಬೆಂಕಿ ಕಾಯಬಲ್ಲದ್ದಾಯಿತು.

ಪಾಟೆಂಜರರ ಒಗಟಿಗೆ ಉತ್ತರ, ಪೂರ್ತಿಯಲ್ಲದಿದ್ದರೂ ಬಹುಭಾಗ, ಟಾರೀನ್ ಎಂಬ ವಸ್ತುವಿನಲ್ಲಿದೆಯೆಂದು ಈಗ ಹಲವರು ಭಾವಿಸುತ್ತಾರೆ. 1827ರಲ್ಲಿ ಜರ್ಮನಿಯ ಇಬ್ಬರು ವಿದ್ವಾಂಸರು ಎತ್ತಿನ ಪಿತ್ತರಸದಿಂದ ಇದನ್ನು ಬೇರ್ಪಡಿಸಿದ್ದರು. ಲ್ಯಾಟಿನ್ನಿನಲ್ಲಿ ಎತ್ತಿಗೆ ಇರುವ ಹೆಸರೇ ಇದಕ್ಕೂ ಬಂತು. ಮಾಂಸ, ಮೀನು, ಚಿಪ್ಪಿನ ಜೀವಿಗಳಲ್ಲಿ ಇದು ಇದೆ. ಇಲಿಯ ಮೈಯಲ್ಲಿ ಧಾರಾಳ ಇದೆ. ಹಸುವಿನ ಹಾಲಿನಲ್ಲಿ ಅತ್ಯಲ್ಪ. ಅನ್ನದಲ್ಲಿ ಇಲ್ಲವೆಂದೇ ಹೇಳಬೇಕು. ನಾವೂ ನಾಯಿಗಳೂ ನಮಗೆ ಬೇಕಾದುದನ್ನು ಸಾಮಾನ್ಯವಾಗಿ ಮೈಯಲ್ಲೇ ತಯಾರಿಸಿಕೊಳ್ಳುತ್ತೇವೆ. ಬೆಕ್ಕಿಗೆ ಆ ಶಕ್ತಿ ತೀರ ಕಡಿಮೆ. ಖರ್ಚಾದರೋ ದಿನನಿತ್ಯದ್ದು, ಏಕೆಂದರೆ ಪಿತ್ತರಸಕ್ಕೆ ಅದು ಟಾರೀನನ್ನೇ ಬಳಸಬೇಕು. ಆದಾಯವಿಲ್ಲದೆ ಖರ್ಚು ಮಾತ್ರ ನಡೆದರೆ ಮನೆ ಬರಿದಾಗುವಂತೆ ಬೆಕ್ಕಿನ ಮೈ ಬರಿದಾಗುತ್ತದೆ.

1975ರಲ್ಲಿ ಹೇಯ್ಸ್ ಮತ್ತು ಸಂಗಡಿಗರು ಹಾಲಿನ ಪ್ರೋಟೀನಾದ ಕೇಸೀನನ್ನೇ ಆಧಾರವಾಗಿಟ್ಟುಕೊಂಡ ಆಹಾರವನ್ನು ಬೆಕ್ಕುಗಳಿಗೆ ಕೊಟ್ಟರು. ಅವುಗಳ ಕಣ್ಣಿನ ಒಳಪರದೆ ಸವೆಯಿತು. ಕಾರಣ ಟಾರೀನಿನ ಕೊರತೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಂಗಿಯ ಬೆಕ್ಕಿನ ಜಾತಕವನ್ನು ಅವರು ನಲುವತ್ತು ವರ್ಷ ಮೊದಲೇ ಬರೆದಿಟ್ಟಿದ್ದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಯನ್ ಮತ್ತು ಸಂಗಡಿಗರು ಬೆಕ್ಕಿನ ಹೃದಯ ಹಿಗ್ಗಿ ಸೋಲುವ ರೋಗಕ್ಕೂ ಇದೇ ಕಾರಣವೆಂದೂ ಟಾರೀನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆಂದೂ ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯ ಸಿದ್ಧ ಆಹಾರವನ್ನೇ! ತಯಾರಕರು ಅದರಲ್ಲಿ ಟಾರೀನಿನ ಪ್ರಮಾಣವನ್ನು ಹೆಚ್ಚಿಸಿದ ಮೇಲೆ ಈ ರೋಗ ಅಪರೂಪವಾಯಿತು.

ನಾಯಿಯ ದಾರಿ ಬೇರೆ. ತೋಳಕ್ಕೆ ಹೋಲಿಸಿದರೆ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ಎಷ್ಟೋ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಮನುಷ್ಯನ ಎಂಜಲನ್ನು ತಿನ್ನುತ್ತ ಅದರ ಹೊಟ್ಟೆಯೂ ನಮ್ಮ ಊಟಕ್ಕೆ ಒಗ್ಗಿತು. ನಮ್ಮ ಅಂಗಳದ ನಾಯಿ ಗಂಜಿ ಕುಡಿದು ಬಾಳಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ಬಾಳಿತೆಂದು ಬೆಕ್ಕೂ ಬಾಳೀತೆಂದು ತಿಳಿದದ್ದು ನಮ್ಮ ತಪ್ಪು.

ಹಾಗಾದರೆ ಹಸಿ ಮಾಂಸವೇ ಸರಿಯೆಂದು ಹೇಳೋಣವೇ? ಹಾಗೆ ಹೇಳುವವರು ಈಗ ಬಹಳ. 1993ರಲ್ಲಿ ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ನಾಯಿಗೆ ಹಸಿ ಎಲುಬು ಕೊಡಿರೆಂದು ಪುಸ್ತಕ ಬರೆದ ಮೇಲೆ ಆ ಪಂಥ ಬೆಳೆದಿದೆ. ಆದರೆ ಚರಿತ್ರೆಯಲ್ಲಿ ಐಸ್‌ಲ್ಯಾಂಡಿನ ಅಧ್ಯಾಯವೂ ಇದೆ. ಅಲ್ಲಿನ ರೈತರು ಕುರಿ ಕಡಿದಾಗ ಪಿತ್ತಕೋಶ, ಶ್ವಾಸಕೋಶಗಳನ್ನು ಹಸಿಯಾಗಿ ನಾಯಿಗೆ ಎಸೆಯುತ್ತಿದ್ದರು. ಅವುಗಳಲ್ಲಿದ್ದ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮಲದೊಡನೆ ಹೊರಬಿದ್ದು, ಮನುಷ್ಯರ ಬಾಯಿ ಸೇರಿ, ಅವರ ಪಿತ್ತಕೋಶದಲ್ಲಿ ಗುಳ್ಳೆಗಳಾಗುತ್ತಿದ್ದುವು. 1863ರಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೇನಿಷ್ ವಿದ್ವಾಂಸ ಅಲ್ಲಿಗೆ ಹೋಗಿ ಪರೀಕ್ಷಿಸಿದಾಗ ಕಾಲು ಭಾಗಕ್ಕೂ ಹೆಚ್ಚು ನಾಯಿಗಳಲ್ಲಿ ಆ ಹುಳು ಇತ್ತು. ಮರುವರ್ಷ ಅವನು ಬರೆದ ಕಿರುಪುಸ್ತಿಕೆಯನ್ನು ಮನೆಮನೆಗೆ ಹಂಚಿದರು. ನಾಯಿಗಳ ಕುರಿತು 1869ರಲ್ಲಿ ಕಾನೂನು ಬಂತು, 1890ರಲ್ಲಿ ಅದು ಬಿಗಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ರೋಗ ಆ ದ್ವೀಪವನ್ನೇ ಬಿಟ್ಟಿತು. ಓದು ಬಲ್ಲ ಜನ, ಓದಿದ್ದನ್ನು ನಂಬಿ ನಡೆದ ಜನ. ಬರವಣಿಗೆಯಿಂದ ಆಗುವುದೇನು ಎಂದು ನಮ್ಮಂತಹವರನ್ನು ಕೇಳುವವರಿಗೆ ನಾನು ಈ ಪುಸ್ತಿಕೆಯನ್ನು ನೆನಪಿಸುವುದುಂಟು.

ಅದು ಹಳೆಯ ಕಾಲವೆನ್ನಬೇಡಿ. 2024ರ ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಮನೆಯೊಳಗೇ ಇದ್ದ ಒಂದು ಬೆಕ್ಕು ಅಂಗಡಿಯಿಂದ ತಂದ ಹಸಿ ಟರ್ಕಿಕೋಳಿಯ ಆಹಾರ ತಿಂದು ಹಕ್ಕಿಜ್ವರದಿಂದ ಸತ್ತಿತು. ಬೆಕ್ಕಿನಲ್ಲೂ ಆಹಾರದಲ್ಲೂ ಇದ್ದ ವೈರಸ್ ಒಂದೇ ಎಂದು ಪರೀಕ್ಷೆಯಲ್ಲಿ ತಿಳಿಯಿತು.

ಹಸಿ ಎಂಬುದೂ ಬೇಯಿಸಿದ್ದು ಎಂಬುದೂ ನಾವು ಮನುಷ್ಯರು ಇಟ್ಟುಕೊಂಡ ವಿಂಗಡಣೆ. ಬೆಕ್ಕಿನ ಮೈ ಕೇಳುವುದು ತನಗೆ ಬೇಕಾದ ಅಂಶ ಅದರಲ್ಲಿದೆಯೇ ಎಂದು ಮಾತ್ರ. ಟಾರೀನ್ ನೀರಿನಲ್ಲಿ ಕರಗುವ ವಸ್ತು. ಮಾಂಸವನ್ನು ಬೇಯಿಸಿ ನೀರು ಬಸಿದರೆ ಬಹುಭಾಗ ಅದರೊಡನೆ ಹೋಗುತ್ತದೆ; ಬೇಯಿಸಿದ ನೀರನ್ನೂ ಸೇರಿಸಿ ಕೊಟ್ಟರೆ ಹೆಚ್ಚಿನಂಶ ಉಳಿಯುತ್ತದೆ.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. ಅಜ್ಜಿಯ ಕಾಲದ ಪುಚ್ಚೆಗಳು ಹಾಲನ್ನದಿಂದ ಬದುಕಿದ್ದಲ್ಲ. ನಮ್ಮ ಅಟ್ಟದಲ್ಲಿ ಅಕ್ಕಿಮುಡಿಗಳಿದ್ದುವು, ಪತ್ತಾಯದಲ್ಲಿ ಭತ್ತವಿತ್ತು, ಹಟ್ಟಿಯ ಮೇಲೆ ಬೈಹುಲ್ಲಿತ್ತು. ರಾತ್ರಿ ಮಾಡಿನ ಮೇಲೆ ಕೇಳುತ್ತಿದ್ದ ಓಡಾಟವೇ ಅವುಗಳ ನಿಜವಾದ ಊಟ. ತೋಟದಾಚೆಯ ಉಮ್ಮ ಮೀನು ಹೆಚ್ಚುವಾಗ ನಮ್ಮ ಬೆಕ್ಕು ಅವರ ಹಿತ್ತಿಲಲ್ಲೇ ಇರುತ್ತಿತ್ತು. ಬೂತಾಯಿಯ ತಲೆಯೆಲ್ಲ ಅದಕ್ಕೇ. "ಪೂಚ್ಚಕ್ಕ್ ಪಾಲ್ ಮಾತ್ರಂ ಪೋರಾ ಅಮ್ಮಾ, ಮೀನ್ ವೇಣಂ" ಎಂದು ಅವರು ಬೇಲಿಯಾಚೆಯಿಂದ ನಗುವುದಿತ್ತು. ಬೆಕ್ಕಿಗೆ ಹಾಲೊಂದೇ ಸಾಲದು, ಮೀನೂ ಬೇಕು ಎಂದು. ಅಮ್ಮ ಕೇಳಿಸದವರಂತೆ ಒಳಗೆ ಹೋಗುತ್ತಿದ್ದರು. ನಮ್ಮದು ಶಾಕಾಹಾರದ ಮನೆ. ಬೆಕ್ಕು ಮಾತ್ರ ಎಂದೂ ಶಾಕಾಹಾರಿಯಾಗಿರಲಿಲ್ಲ. ನಾವು ಅದನ್ನು ನೋಡಲಿಲ್ಲ, ಅಷ್ಟೇ. ನಾಲ್ಕನೆಯ ಮಾಳಿಗೆಯಲ್ಲಿ ಅಟ್ಟವಿಲ್ಲ, ಹಟ್ಟಿಯಿಲ್ಲ, ಉಮ್ಮನ ಹಿತ್ತಿಲಿಲ್ಲ. ಲೆಕ್ಕಕ್ಕೆ ಸೇರದ ಊಟವೆಲ್ಲ ತಪ್ಪಿಹೋಗಿ, ಲೆಕ್ಕದಲ್ಲಿದ್ದ ಹಾಲನ್ನ ಮಾತ್ರ ಉಳಿದಿತ್ತು. ತಂಗಿ ತಪ್ಪು ಮಾಡಿದ್ದಲ್ಲ. ಅವಳಿಗೆ ನಾವು ದಾಟಿಸಿದ ಲೆಕ್ಕವೇ ಅರೆಬರೆಯದಾಗಿತ್ತು.

ವೈದ್ಯರ ಔಷಧದಿಂದ ಬೆಕ್ಕಿನ ಹೃದಯ ಚೇತರಿಸಿಕೊಂಡಿತು. ಹೋದ ಕಣ್ಣು ಬರಲಿಲ್ಲ. ಆಮೇಲೂ ಅದು ಆರು ವರ್ಷ ಬದುಕಿತು, ಗೋಡೆಯ ಬದಿ ಹಿಡಿದು ನಡೆಯುತ್ತ. ತಂಗಿ ಬಾಲ್ಕನಿಯಲ್ಲಿ ಬೇರೆಯೇ ಒಂದು ಒಲೆ, ಒಂದು ಪಾತ್ರೆ ಇಟ್ಟು ಅದಕ್ಕೆ ಕೋಳಿಯ ಗುಂಡಿಗೆ ಬೇಯಿಸಿ, ಸಾರಿನ ಸಮೇತ ವೈದ್ಯರು ಹೇಳಿದ ಪೊಟ್ಟಣದ ಆಹಾರಕ್ಕೆ ಬೆರೆಸಿ ಕೊಡುತ್ತಿದ್ದಳು. ಮೊದಮೊದಲು ಮೂಗು ಮುಚ್ಚಿಕೊಂಡು, ಬಳಿಕ ಹಾಗೆಯೇ. ಆ ಪಾತ್ರೆ ಕೊನೆಯವರೆಗೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಆದರೆ ಅವಳ ತಿಂಗಳ ಸಾಮಾನಿನ ಚೀಟಿಯಲ್ಲಿ ಅಕ್ಕಿ, ಬೇಳೆ, ಸಕ್ಕರೆಗಳ ಕೆಳಗೆ "ಪುಚ್ಚೆಗೆ" ಎಂಬ ಒಂದು ಸಾಲು ಬರುತ್ತಿತ್ತು. ತಂದೆಯವರ ಪುಸ್ತಕದಲ್ಲಿ ನಾನು ಹುಡುಕಿ ಕಾಣದೆ ಹೋದ ಬಾಬ್ತು ಅದು.